ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ರಾತ್ರಿ ಆಕಾಶದ ಛಾಯಾಗ್ರಹಣ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ನಕ್ಷತ್ರಗಳ ಚಿತ್ರ ತೆಗೆಯುವ ಆಸೆ ಹೊತ್ತು ಬಂದವರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ನಾನು ಅವರನ್ನು ಮೊದಲು ಕೇಳುವುದು, ನಿಮ್ಮ ಮನೆಯಿಂದ ಒಳ್ಳೆಯ ಕತ್ತಲು ಎಷ್ಟು ದೂರದಲ್ಲಿದೆ ಎಂದು. ಮಳೆ ಕಡಿಮೆ, ಮೋಡ ಕಡಿಮೆ, ಊರಿಂದೂರಿಗೆ ಬಯಲು ಹೆಚ್ಚು ಇರುವ ನಮ್ಮ ಸೀಮೆಯಲ್ಲಿ ಆ ಕತ್ತಲು ಇನ್ನೂ ಉಳಿದಿದೆ. ಅದನ್ನು ಬಳಸಲು ಕಲಿತವರಿಗೆ ಸಾಧಾರಣ ಕ್ಯಾಮೆರಾ ಕೂಡ ಬಹಳಷ್ಟನ್ನು ತೋರಿಸುತ್ತದೆ. ಕೆಳಗಿನ ಉತ್ತರಗಳನ್ನು ಆ ನಂಬಿಕೆಯಿಂದಲೇ ಬರೆದಿದ್ದೇನೆ.

ಟೆಲಿಸ್ಕೋಪ್ ಇಲ್ಲದೆ ಆರಂಭಿಸಬಹುದೇ?

ಆರಂಭಿಸಬಹುದು, ಹಾಗೆ ಆರಂಭಿಸುವುದೇ ಉತ್ತಮ. ಆಕಾಶಗಂಗೆ, ನಕ್ಷತ್ರಪುಂಜಗಳು, ಉಲ್ಕೆಗಳು, ಧ್ರುವ ನಕ್ಷತ್ರದ ಸುತ್ತ ತಿರುಗುವ ನಕ್ಷತ್ರಗಳ ಗೆರೆಗಳು, ಇವೆಲ್ಲಕ್ಕೂ ಬೇಕಾಗಿರುವುದು ಆಕಾಶದ ಅಗಲವಾದ ಭಾಗವನ್ನು ಹಿಡಿಯುವ ಸಾಮಾನ್ಯ ಲೆನ್ಸ್. ಟೆಲಿಸ್ಕೋಪ್ ಆಕಾಶದ ಚಿಕ್ಕ ತುಣುಕನ್ನು ದೊಡ್ಡದಾಗಿ ತೋರಿಸುವುದರಿಂದ, ಭೂಮಿಯ ತಿರುಗುವಿಕೆಯನ್ನೂ ಟ್ರೈಪಾಡಿನ ಸಣ್ಣ ನಡುಕವನ್ನೂ ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ. ಮೊದಲ ತಿಂಗಳಲ್ಲೇ ಟೆಲಿಸ್ಕೋಪ್ ಕೊಂಡವರಲ್ಲಿ ಹಲವರು ಮೂರನೆಯ ತಿಂಗಳಲ್ಲಿ ಅದನ್ನು ಅಟ್ಟಕ್ಕೆ ಏರಿಸಿದ್ದನ್ನು ಕಂಡಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮೊಬೈಲಿನಲ್ಲಿ ತೆಗೆಯಲಾಗುವುದಿಲ್ಲವೇ?

ಇತ್ತೀಚಿನ ಹಲವು ಮೊಬೈಲುಗಳಲ್ಲಿ ರಾತ್ರಿ ಚಿತ್ರಕ್ಕೆಂದೇ ಒಂದು ವಿಧಾನವಿರುತ್ತದೆ. ಕೆಲವುಗಳಲ್ಲಿ ನಕ್ಷತ್ರಗಳಿಗೆಂದೇ ಪ್ರತ್ಯೇಕ ವಿಧಾನವೂ ಇರುತ್ತದೆ. ಮೊಬೈಲನ್ನು ಟ್ರೈಪಾಡಿಗೆ ಕಚ್ಚಿಸಿ, ಮೂರು ಅಥವಾ ಹತ್ತು ಸೆಕೆಂಡಿನ ಟೈಮರ್ ಇಟ್ಟು, ಕೈ ಸೋಕದಂತೆ ಬಿಟ್ಟರೆ ಕತ್ತಲಾದ ಬಯಲಿನಿಂದ ಆಕಾಶಗಂಗೆ ಮಸುಕಾಗಿಯಾದರೂ ಮೂಡುತ್ತದೆ. ಅದರ ಲೆನ್ಸು ತೀರ ಚಿಕ್ಕದಾದ್ದರಿಂದ ಮಿತಿಯೂ ಬೇಗ ಎದುರಾಗುತ್ತದೆ. ಆದರೂ ಆಕಾಶದ ಪರಿಚಯ ಮಾಡಿಕೊಳ್ಳಲು, ಯಾವ ತಿಂಗಳಲ್ಲಿ ಯಾವ ದಿಕ್ಕಿನಲ್ಲಿ ಏನು ಕಾಣುತ್ತದೆ ಎಂದು ತಿಳಿಯಲು ಅದು ಸಾಕು. ಮೊದಲ ಮೂರು ತಿಂಗಳು ಮೊಬೈಲಿನಲ್ಲೇ ಕಳೆದರೆ ನಷ್ಟವೇನೂ ಇಲ್ಲ.

ಕ್ಯಾಮೆರಾ ಕೊಳ್ಳುವುದಾದರೆ ಯಾವುದು?

ಲೆನ್ಸ್ ಬದಲಿಸಬಹುದಾದ, ಎಕ್ಸ್‌ಪೋಷರನ್ನು, ಅಂದರೆ ಬೆಳಕು ಒಳಗೆ ಬರುವ ಸಮಯವನ್ನು, ನಾವೇ ನಿಗದಿ ಮಾಡಬಹುದಾದ, ಚಿತ್ರವನ್ನು ರಾ ಫೈಲಾಗಿ (ಸೆನ್ಸರ್ ಹಿಡಿದ ಮಾಹಿತಿಯನ್ನು ಕಳೆಯದೆ ಇಟ್ಟ ಕಡತವಾಗಿ) ಉಳಿಸಬಹುದಾದ ಯಾವುದೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಆಗುತ್ತದೆ. ಮದುವೆ ಫೋಟೋ ತೆಗೆಯುವವರು ಹೊಸದನ್ನು ಕೊಂಡಾಗ ಮಾರುವ ಹಳೆಯ ಕ್ಯಾಮೆರಾಗಳು ನಮ್ಮ ಊರುಗಳಲ್ಲಿ ಆಗಾಗ ಸಿಗುತ್ತವೆ. ಶಟರ್ ಚೆನ್ನಾಗಿದ್ದು ಸೆನ್ಸರ್ ಮೇಲೆ ಗೀರಿಲ್ಲದಿದ್ದರೆ ಅಂಥದ್ದನ್ನು ಧೈರ್ಯವಾಗಿ ಕೊಳ್ಳಬಹುದು.

ಲೆನ್ಸ್ ವಿಷಯದಲ್ಲಿ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು. ಕ್ಯಾಮೆರಾ ಜೊತೆಗೇ ಬರುವ 18-55 ಮಿ.ಮೀ. ಲೆನ್ಸನ್ನು 18 ಮಿ.ಮೀ.ನಲ್ಲಿ ಎಫ್/3.5ಕ್ಕೆ (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ತೆರೆದಾಗ ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸುಮಾರು 5 ಮಿ.ಮೀ. ಮಾತ್ರ. ಕಡಿಮೆ ಬೆಲೆಗೆ ಸಿಗುವ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಅದು ಸುಮಾರು 28 ಮಿ.ಮೀ. ಕಿಂಡಿಯ ವಿಸ್ತೀರ್ಣವನ್ನು ಹೋಲಿಸಿದರೆ ಒಂದು ನಕ್ಷತ್ರದಿಂದ ಪ್ರತಿ ಸೆಕೆಂಡಿಗೆ ಸಿಗುವ ಬೆಳಕು ಸುಮಾರು 30 ಪಟ್ಟು ಹೆಚ್ಚು. ಹಾಗಾಗಿ ಎರಡನೆಯ ಲೆನ್ಸ್ ಕೊಳ್ಳಲು ಹಣವಿದ್ದರೆ ಈ 50 ಮಿ.ಮೀ. ಲೆನ್ಸನ್ನೇ ಸೂಚಿಸುತ್ತೇನೆ. ಪೂರ್ತಿ ತೆರೆದಾಗ ಚಿತ್ರದ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುವುದರಿಂದ, ಎಫ್/2.8ರವರೆಗೆ ಮುಚ್ಚಿ ಬಳಸಬೇಕು. ಉಳಿದ ಹಣವನ್ನು ಭಾರವಾದ, ಅಲುಗದ ಟ್ರೈಪಾಡಿಗೆ ಖರ್ಚು ಮಾಡಿ. ನಮ್ಮ ಕಡೆಯ ಗಾಳಿಗೆ ಹಗುರ ಟ್ರೈಪಾಡ್ ನಿಲ್ಲುವುದಿಲ್ಲ. ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಜಿಲ್ಲೆ ನಮ್ಮದು ಎಂಬುದನ್ನು ಮರೆಯಬಾರದು.

ನಮ್ಮ ಕಡೆ ಎಲ್ಲಿಗೆ ಹೋಗಬೇಕು? ಕೋಟೆಯ ಮೇಲೆ ಅಥವಾ ಜೋಗಿಮಟ್ಟಿಯಲ್ಲಿ ತೆಗೆಯಬಹುದೇ?

ಚಿತ್ರದುರ್ಗದ ಕೋಟೆ ಸಂರಕ್ಷಿತ ಸ್ಮಾರಕವಾಗಿದ್ದು ಸಂಜೆ ಅದರ ಬಾಗಿಲು ಮುಚ್ಚುತ್ತದೆ. ಅಲ್ಲದೆ ಅದು ನಗರದ ಬೆಳಕಿಗೆ ಅಂಟಿಕೊಂಡೇ ಇದೆ. ಜೋಗಿಮಟ್ಟಿ ವನ್ಯಜೀವಿಧಾಮ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳಿಗಾಗಿ ಕಾದಿಟ್ಟ ಕಾಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಗೆ ರಾತ್ರಿ ಹೋಗುವುದು ಕಾನೂನಿಗೆ ವಿರುದ್ಧ, ಕರಡಿ ಚಿರತೆಗಳು ಇರುವುದರಿಂದ ಪ್ರಾಣಕ್ಕೂ ಅಪಾಯ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ದೊಡ್ಡ ಆವರಣಗಳಿವೆ. ಅವುಗಳ ಬೇಲಿಯ ಹತ್ತಿರ ರಾತ್ರಿ ಕ್ಯಾಮೆರಾ ನಿಲ್ಲಿಸಬಾರದು.

ಇವನ್ನೆಲ್ಲ ಬಿಟ್ಟ ಮೇಲೂ ಉಳಿಯುವ ಬಯಲು ಬಹಳ. ಚಳ್ಳಕೆರೆಯಿಂದ ಮೊಳಕಾಲ್ಮುರಿನ ಕಡೆಗೆ ಹೋದಂತೆ ಊರುಗಳು ದೂರ ದೂರವಾಗಿ ಕತ್ತಲು ಗಟ್ಟಿಯಾಗುತ್ತದೆ. ಹೊಸದುರ್ಗ ಮತ್ತು ಜಗಳೂರು ತಾಲ್ಲೂಕುಗಳ ಒಳಭಾಗದಲ್ಲೂ ಒಳ್ಳೆಯ ಜಾಗಗಳಿವೆ. ದಾವಣಗೆರೆ ಮತ್ತು ಹರಿಹರದ ಬೆಳಕು, ರಾಷ್ಟ್ರೀಯ ಹೆದ್ದಾರಿ 48ರ ವಾಹನಗಳ ಬೆಳಕು, ಇವೆರಡರಿಂದ ಹಲವು ಕಿಲೋಮೀಟರ್ ದೂರ ಸರಿಯಬೇಕು.

ಜಾಗ ಆರಿಸುವಾಗ ದೂರಕ್ಕಿಂತ ದಿಕ್ಕು ಮುಖ್ಯ. ಆಕಾಶಗಂಗೆಯ ಅತಿ ಪ್ರಕಾಶದ ಭಾಗ, ಅಂದರೆ ಧನುಸ್ಸು ಮತ್ತು ವೃಶ್ಚಿಕ ರಾಶಿಗಳ ನಡುವಿನ ಕೇಂದ್ರಭಾಗ, ನಮಗೆ ದಕ್ಷಿಣ ಆಕಾಶದಲ್ಲಿ ಕಾಣುತ್ತದೆ. ಆದ್ದರಿಂದ ನಿಮ್ಮ ಪಟ್ಟಣದ ದಕ್ಷಿಣಕ್ಕೆ ಹೋಗಬೇಕು. ಆಗ ಪಟ್ಟಣದ ಬೆಳಕು ನಿಮ್ಮ ಬೆನ್ನ ಹಿಂದೆ, ಉತ್ತರದಲ್ಲಿ ಉಳಿಯುತ್ತದೆ. ದಾವಣಗೆರೆಯವರು ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಹೋಗಿ ದಕ್ಷಿಣಕ್ಕೆ ಕ್ಯಾಮೆರಾ ತಿರುಗಿಸಿದರೆ ಇಡೀ ನಗರವೇ ಚಿತ್ರದ ಬುಡದಲ್ಲಿ ಹಳದಿಯಾಗಿ ಉರಿಯುತ್ತದೆ.

ರಾತ್ರಿ ಹೊಲದಲ್ಲಿ ಇರುವುದು ಸುರಕ್ಷಿತವೇ?

ಪರಿಚಯದವರ ತೋಟದ ಮನೆಯ ಅಂಗಳ ಅಥವಾ ಕಣ ಎಲ್ಲಕ್ಕಿಂತ ಒಳ್ಳೆಯ ವೀಕ್ಷಣಾಲಯ. ಪರಿಚಯವಿಲ್ಲದ ಊರಾದರೆ ಹಗಲಿನಲ್ಲೇ ಹೋಗಿ ಜಮೀನಿನವರನ್ನು ಕಂಡು, “ಅಣ್ಣಾ, ರಾತ್ರಿ ನಿಮ್ಮ ಕಣದಲ್ಲಿ ಕೂತು ಚುಕ್ಕಿ ಫೋಟೋ ತೆಗೀತೀವಿ” ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಕತ್ತಲಲ್ಲಿ ಅಪರಿಚಿತರು ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡಿದ್ದರೆ ಊರಿನವರಿಗೆ ಅನುಮಾನ ಬರುವುದು ಸಹಜ; ಹೇಳಿ ಹೋದರೆ ಅವರೇ ಚಾಪೆ ಹಾಸಿ, ಮಕ್ಕಳನ್ನು ಎಬ್ಬಿಸಿಕೊಂಡು ನೋಡಲು ಬರುತ್ತಾರೆ. ಹಗಲಿನ ಈ ಭೇಟಿಯಲ್ಲಿ ಇನ್ನೊಂದನ್ನು ತಪ್ಪದೆ ವಿಚಾರಿಸಿ: ಶೇಂಗಾ, ಮೆಕ್ಕೆಜೋಳದ ಹೊಲಗಳಿಗೆ ಕಾಡುಹಂದಿ ಬಾರದಂತೆ ಕೆಲವರು ತಂತಿ ಎಳೆದು ವಿದ್ಯುತ್ ಹರಿಸಿರುತ್ತಾರೆ, ಅದು ಜೀವ ತೆಗೆಯುತ್ತದೆ. ಹಾವಿನ ಭಯಕ್ಕೆ ಮುಚ್ಚಿದ ಬೂಟು, ನಡೆಯುವಾಗ ಟಾರ್ಚು ಬೇಕು. ಒಬ್ಬರೇ ಹೋಗಬೇಡಿ.

ವರ್ಷದ ಯಾವ ಕಾಲ ಒಳ್ಳೆಯದು?

ಈ ಪ್ರಶ್ನೆಗೆ ಉತ್ತರಿಸಲು ನಮ್ಮ ರೈತರ ಮಳೆಯ ಲೆಕ್ಕಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸೂರ್ಯನು ಆಕಾಶದಲ್ಲಿ ರೋಹಿಣಿ ನಕ್ಷತ್ರದ ಭಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಮಳೆಯನ್ನು ರೋಹಿಣಿ ಮಳೆ ಎನ್ನುತ್ತೇವೆ. ಅದು ಮೇ ತಿಂಗಳ ಕೊನೆಯ ವಾರದಲ್ಲಿ ಹುಟ್ಟುತ್ತದೆ. ಸೂರ್ಯನೇ ಅಲ್ಲಿರುವಾಗ ರೋಹಿಣಿ ನಕ್ಷತ್ರ ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುವುದರಿಂದ ರಾತ್ರಿ ಅದು ಕಾಣುವುದೇ ಇಲ್ಲ. ಅಂದರೆ ಯಾವ ನಕ್ಷತ್ರದ ಮಳೆ ನಡೆಯುತ್ತಿದೆಯೋ ಆ ನಕ್ಷತ್ರವನ್ನು ಆಗ ಚಿತ್ರಿಸಲಾಗದು. ಅಲ್ಲಿಂದ ಆರು ತಿಂಗಳು ಎಣಿಸಿದರೆ ಅದು ಸೂರ್ಯ ಮುಳುಗುವಾಗ ಹುಟ್ಟಿ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ರೋಹಿಣಿ ಮಳೆ ಮೇ ಕೊನೆಗೆ, ರೋಹಿಣಿಯ ಚಿತ್ರ ನವೆಂಬರ್ ಕೊನೆಗೆ. ಆರಿದ್ರಾ ಮಳೆ ಜೂನ್ ಕೊನೆಗೆ, ಕೆಂಪಗೆ ಹೊಳೆಯುವ ಆರ್ದ್ರಾ ನಕ್ಷತ್ರದ ಚಿತ್ರ ಡಿಸೆಂಬರ್ ಕೊನೆಗೆ. ನಮ್ಮ ಅಜ್ಜಂದಿರ ಬಾಯಲ್ಲಿದ್ದ ಮಳೆ ನಕ್ಷತ್ರಗಳ ಪಟ್ಟಿಯನ್ನು ಹೀಗೆ ತಿರುವಿ ಹಾಕಿದರೆ ಅದೇ ಛಾಯಾಗ್ರಾಹಕರ ಕ್ಯಾಲೆಂಡರಾಗುತ್ತದೆ ಎಂದು ತಿಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಇನ್ನು ಹವಾಮಾನದ ಮಾತು. ಸ್ವಾತಿ, ವಿಶಾಖೆ ಮಳೆಗಳು ಕಳೆದು ನವೆಂಬರ್ ಮಧ್ಯ ದಾಟಿದರೆ ಆಕಾಶ ತೆರೆಯುತ್ತದೆ. ಅಲ್ಲಿಂದ ಮಾರ್ಚ್ ವರೆಗೆ ನಮಗೆ ಸುಗ್ಗಿ. ಆಕಾಶಗಂಗೆಯ ಕೇಂದ್ರಭಾಗಕ್ಕೆ ಮಾತ್ರ ಬೇರೆ ಲೆಕ್ಕ: ಫೆಬ್ರವರಿ ಕೊನೆಯಲ್ಲಿ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಆಗ್ನೇಯದಲ್ಲಿ ಏರುತ್ತಿರುತ್ತದೆ, ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದಕ್ಕೇ ಸಾಕಷ್ಟು ಮೇಲೆ ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆ ಗುಡುಗು ಮಳೆ ಸುರಿದು ಹೋದ ರಾತ್ರಿಗಳನ್ನು ಬಿಡಬೇಡಿ. ಧೂಳೆಲ್ಲ ತೊಳೆದುಹೋಗಿ ಆಕಾಶ ಅಂದು ಇದ್ದಷ್ಟು ಸ್ವಚ್ಛವಾಗಿ ಬೇರೆ ದಿನ ಇರುವುದಿಲ್ಲ. ಜೂನ್‌ನಿಂದ ಅಕ್ಟೋಬರ್ ವರೆಗೆ ಹಳೆಯ ಚಿತ್ರಗಳನ್ನು ಸಂಸ್ಕರಿಸುತ್ತ ಕಲಿಯುವ ಕಾಲ.

ತಿಂಗಳಲ್ಲಿ ಯಾವ ದಿನ?

ಗೋಡೆಯ ಮೇಲಿನ ಪಂಚಾಂಗ ನೋಡಿ. ಬಹುಳ ಅಷ್ಟಮಿಯಂದು ಚಂದ್ರ ಹುಟ್ಟುವುದು ಸುಮಾರು ಮಧ್ಯರಾತ್ರಿಗೆ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ಬಹುಳ ಅಷ್ಟಮಿಯಿಂದ ಅಮಾವಾಸ್ಯೆ ದಾಟಿ ಶುಕ್ಲ ತದಿಗೆಯವರೆಗೆ ಸಂಜೆಯಿಂದ ಕೆಲಸ ಮಾಡಬಹುದು. ಮಹಾಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ, ಅಂದರೆ ಚಂದ್ರನಿಲ್ಲದ ಫೆಬ್ರವರಿ ಅಥವಾ ಮಾರ್ಚ್ ರಾತ್ರಿಗೆ. ಹೇಗೂ ಜಾಗರಣೆ ಇರುವ ಆ ರಾತ್ರಿಯ ಕೊನೆಯ ಜಾವದಲ್ಲಿ ಆಕಾಶಗಂಗೆಯ ಕೇಂದ್ರ ಮೇಲೇರುತ್ತದೆ. ಸೂರ್ಯ ಮುಳುಗಿದ ಕೂಡಲೇ ಪೂರ್ತಿ ಕತ್ತಲಾಗುವುದಿಲ್ಲ, ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯಬೇಕು. ನಮ್ಮ ಅಕ್ಷಾಂಶದಲ್ಲಿ ಅದಕ್ಕೆ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ.

ಮೊದಲ ರಾತ್ರಿ ಕ್ಯಾಮೆರಾವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಮ್ಯಾನುವಲ್ ವಿಧಾನ, ರಾ ಫೈಲ್, ಲೆನ್ಸ್ 18 ಮಿ.ಮೀ.ಗೆ, ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಇದ್ದಷ್ಟು ತೆರೆದು, ಐಎಸ್‌ಒ 1600 (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಜೋರು ಮಾಡಬೇಕೆಂಬ ಅಳತೆ), ಎಕ್ಸ್‌ಪೋಷರ್ 12 ಸೆಕೆಂಡು. ಫ್ಲ್ಯಾಶ್ ಬೇಡ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಟ್ರೈಪಾಡ್ ಮೇಲೆ ಅದನ್ನು ಆಫ್ ಮಾಡಿ. ಬಟನ್ನನ್ನು ಕೈಯಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಇಡಿ ಅಥವಾ ರಿಮೋಟ್ ಬಳಸಿ. ಇಷ್ಟರಿಂದ ಆರಂಭಿಸಿ, ಬಂದ ಚಿತ್ರ ನೋಡಿ ಬದಲಿಸುತ್ತ ಹೋಗಬೇಕು.

ಫೋಕಸ್ ಸರಿಯಾಗಿ ಬರುವುದೇ ಇಲ್ಲ, ಏಕೆ?

ಕತ್ತಲಲ್ಲಿ ಆಟೋ ಫೋಕಸ್ ಕೆಲಸ ಮಾಡುವುದಿಲ್ಲ. ಲೆನ್ಸಿನ ಮೇಲೆ ಅನಂತದ ಗುರುತಿದ್ದರೂ ಅದನ್ನು ನಂಬಬಾರದು, ನಿಜವಾದ ಬಿಂದು ಆ ಗುರುತಿನ ಹಿಂದೆ ಮುಂದೆ ಇರುತ್ತದೆ. ಲುಬ್ಧಕ, ಅಗಸ್ತ್ಯ ಅಥವಾ ಸ್ವಾತಿಯಂಥ ಪ್ರಕಾಶದ ನಕ್ಷತ್ರವನ್ನು ಲೈವ್ ವ್ಯೂ ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಆ ಬೆಳಕಿನ ಚುಕ್ಕೆ ಅತಿ ಚಿಕ್ಕದಾಗುವ ಜಾಗದಲ್ಲಿ ನಿಲ್ಲಿಸಬೇಕು. ಅನಂತರ ಉಂಗುರಕ್ಕೆ ಒಂದು ಚೂರು ಟೇಪು ಅಂಟಿಸಬೇಕು.

ಟೇಪಿನ ಮಾತನ್ನು ನಾನು ಕಲಿತದ್ದು ನೋವಿನಿಂದ. ಮೊದಲ ವರ್ಷ ಚಳ್ಳಕೆರೆ ಕಡೆಯ ಗೆಳೆಯರ ಹೊಲದಲ್ಲಿ ಚಳಿಯಲ್ಲಿ ನಾಲ್ಕು ಗಂಟೆ ಕೂತು ತೆಗೆದ ಇನ್ನೂರಕ್ಕೂ ಹೆಚ್ಚು ಚಿತ್ರಗಳು ಮನೆಗೆ ಬಂದು ನೋಡಿದಾಗ ಎಲ್ಲವೂ ಮಸುಕು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕಡೆಗೆ ಕ್ಯಾಮೆರಾ ತಿರುಗಿಸುವಾಗ ನನ್ನ ಬೆರಳು ಉಂಗುರಕ್ಕೆ ತಾಗಿತ್ತು. ಅಂದಿನಿಂದ ಅರ್ಧ ಗಂಟೆಗೊಮ್ಮೆ ಒಂದು ಚಿತ್ರವನ್ನು ಹಿಗ್ಗಿಸಿ ನೋಡದೆ ಮುಂದುವರಿಯುವುದಿಲ್ಲ. ರಾತ್ರಿ ತಣ್ಣಗಾಗುತ್ತ ಹೋದಂತೆ ಲೆನ್ಸಿನ ಲೋಹ ಕುಗ್ಗಿ ತಾನಾಗಿಯೂ ಫೋಕಸ್ ಸರಿಯುವುದುಂಟು.

ನಕ್ಷತ್ರಗಳು ಚುಕ್ಕೆಯಾಗದೆ ಗೆರೆಯಾಗುವುದೇಕೆ?

ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗುವುದರಿಂದ ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತದೆ. ಎಷ್ಟು ಸೆಕೆಂಡಿನವರೆಗೆ ಇದು ಕಣ್ಣಿಗೆ ಕಾಣದೆ ಇರುತ್ತದೆ ಎಂಬುದಕ್ಕೆ 500ರ ನಿಯಮ ಎಂಬ ಒರಟು ಲೆಕ್ಕವಿದೆ: 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ, ಅಂದರೆ ಅದರ ಮೇಲೆ ಬರೆದ ಮಿ.ಮೀ. ಸಂಖ್ಯೆಯಿಂದ, ಭಾಗಿಸಬೇಕು. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಚಿಕ್ಕದಾದ್ದರಿಂದ ಮೊದಲು ಫೋಕಲ್ ಲೆಂತನ್ನು 1.5ರಿಂದ ಗುಣಿಸಿಕೊಳ್ಳಬೇಕು. 18 ಮಿ.ಮೀ. ಲೆನ್ಸಿಗೆ ಸುಮಾರು 18 ಸೆಕೆಂಡು, 50 ಮಿ.ಮೀ. ಲೆನ್ಸಿಗೆ 6 ಸೆಕೆಂಡು ಬರುತ್ತದೆ. ಈ ನಿಯಮ ಫಿಲ್ಮ್ ಕಾಲಕ್ಕೆ ಸರಿಯಿತ್ತು. ಇಂದಿನ ಸೆನ್ಸರುಗಳಿಗೆ 500ರ ಬದಲು 300 ಇಟ್ಟುಕೊಂಡು 11 ಮತ್ತು 4 ಸೆಕೆಂಡು ಎಂದುಕೊಳ್ಳುವುದು ಕ್ಷೇಮ.

ನಮ್ಮ ಸೀಮೆಗೆ ಇದರಲ್ಲೊಂದು ವಿಶೇಷವಿದೆ. ನಕ್ಷತ್ರಗಳು ಅತಿ ವೇಗವಾಗಿ ಸರಿಯುವುದು ಖಗೋಳ ವಿಷುವದ್ವೃತ್ತದ, ಅಂದರೆ ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ಕಲ್ಪಿತ ಗೆರೆಯ, ಬಳಿ. ಅದು ನಮ್ಮ ನೆತ್ತಿಯಿಂದ ದಕ್ಷಿಣಕ್ಕೆ ಕೇವಲ 14 ಡಿಗ್ರಿ ದೂರದಲ್ಲಿ ಹಾದುಹೋಗುವುದರಿಂದ, ನಾವು ಹೆಚ್ಚಾಗಿ ಚಿತ್ರಿಸುವ ಆಕಾಶವೇ ಅತಿ ವೇಗದ ಆಕಾಶ. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳು ಆ ವೃತ್ತಕ್ಕೆ ಅಂಟಿಕೊಂಡೇ ಇವೆ. ಅವು ಗೆರೆಯಾದಷ್ಟು ಬೇಗ ಧ್ರುವದ ಸುತ್ತಲಿನವು ಆಗುವುದಿಲ್ಲ.

ಒಂದೇ ವಸ್ತುವಿನ ನೂರಾರು ಚಿತ್ರ ತೆಗೆಯುವುದೇಕೆ? ಐಎಸ್‌ಒ ಹೆಚ್ಚಿಸಿದರೆ ಸಾಲದೇ?

ಐಎಸ್‌ಒ ಹೆಚ್ಚಿಸಿದರೆ ಒಳಗೆ ಬಂದ ಬೆಳಕು ಹೆಚ್ಚುವುದಿಲ್ಲ. ಬಂದಷ್ಟನ್ನೇ ಅದು ಜೋರು ಮಾಡಿ ತೋರಿಸುತ್ತದೆ, ಜೊತೆಗೆ ಕಾಳು ಕಾಳಾದ ಗದ್ದಲವನ್ನೂ ಜೋರು ಮಾಡುತ್ತದೆ. ನಮಗೆ ಬೇಕಾಗಿರುವುದು ನಿಜವಾಗಿಯೂ ಹೆಚ್ಚು ಬೆಳಕು. ಭೂಮಿ ತಿರುಗುವುದರಿಂದ ಒಂದೇ ಚಿತ್ರದಲ್ಲಿ ಅದನ್ನು ತುಂಬಿಕೊಳ್ಳಲಾಗುವುದಿಲ್ಲ. ಆದ್ದರಿಂದ ನಾಲ್ಕು ಸೆಕೆಂಡಿನ ಮುನ್ನೂರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಜೋಡಿಸಿ ಸರಾಸರಿ ತೆಗೆಯುತ್ತೇವೆ. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ನಕ್ಷತ್ರವೂ ನೀಹಾರಿಕೆಯೂ (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ) ಎಲ್ಲ ಚಿತ್ರಗಳಲ್ಲಿ ಅದೇ ಜಾಗದಲ್ಲಿರುವುದರಿಂದ ಉಳಿಯುತ್ತವೆ. ಗದ್ದಲ ಚಿತ್ರದಿಂದ ಚಿತ್ರಕ್ಕೆ ಬದಲಾಗುವುದರಿಂದ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಗದ್ದಲ ಕಡಿಮೆಯಾಗುವುದು ಚಿತ್ರಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ: 16 ಚಿತ್ರ ಸೇರಿಸಿದರೆ ಕಾಲು ಭಾಗಕ್ಕೆ, 64 ಸೇರಿಸಿದರೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಈ ವರ್ಗಮೂಲವೇ ಈ ಕಲೆಯ ತಿರುಳು. ಮೊದಲ ಹದಿನೈದು ನಿಮಿಷದ ಬೆಳಕು ತರುವ ಸುಧಾರಣೆಯನ್ನು ಮತ್ತೆ ಕಾಣಬೇಕಾದರೆ ಒಂದು ಗಂಟೆ, ಅದನ್ನು ಮತ್ತೆ ಕಾಣಬೇಕಾದರೆ ನಾಲ್ಕು ಗಂಟೆ ಕೂರಬೇಕು. ಬೇರೆ ಬೇರೆ ರಾತ್ರಿಗಳ ಚಿತ್ರಗಳನ್ನೂ ಒಟ್ಟಿಗೆ ಸೇರಿಸಬಹುದು ಎಂಬುದು ಸಮಾಧಾನದ ಸಂಗತಿ.

ಡಾರ್ಕ್, ಫ್ಲಾಟ್ ಎಂದರೇನು?

ಲೆನ್ಸಿನ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅಷ್ಟೇ ಸೆಕೆಂಡಿನಲ್ಲಿ ತೆಗೆದ ಇಪ್ಪತ್ತು ಮೂವತ್ತು ಕಪ್ಪು ಚಿತ್ರಗಳು ಡಾರ್ಕ್. ಸೆನ್ಸರ್ ಬಿಸಿಯಾದಾಗ ತಾನಾಗಿ ಹುಟ್ಟುವ ಚುಕ್ಕೆಗಳನ್ನು ಕಳೆಯಲು ಇವು ಬೇಕು. ಆ ಚುಕ್ಕೆಗಳು ಉಷ್ಣತೆಯೊಂದಿಗೆ ಏರುವುದರಿಂದ ಡಾರ್ಕ್ ಚಿತ್ರಗಳನ್ನು ಅದೇ ರಾತ್ರಿ, ಅದೇ ಜಾಗದಲ್ಲಿ ತೆಗೆಯಬೇಕು; ಮಾಘದ ಚಳಿಯಲ್ಲಿ ತೆಗೆದವು ವೈಶಾಖದ ಸೆಕೆಗೆ ಹೊಂದುವುದಿಲ್ಲ. ಫ್ಲಾಟ್ ಎಂದರೆ ಲೆನ್ಸಿನ ಮುಂದೆ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿದು, ಬೆಳಗಿನ ಆಕಾಶಕ್ಕೆ ಹಿಡಿದು, ಫೋಕಸ್ ಬದಲಿಸದೆ ತೆಗೆದ ಚಿತ್ರಗಳು. ಮೂಲೆಗಳ ಮಬ್ಬನ್ನೂ ಸೆನ್ಸರ್ ಮೇಲಿನ ಧೂಳಿನ ನೆರಳನ್ನೂ ಇವು ತೆಗೆಯುತ್ತವೆ. ಎರೆ ಮಣ್ಣಿನ ಧೂಳಿನಲ್ಲಿ ಲೆನ್ಸ್ ಬದಲಿಸುವ ನಮಗೆ ಫ್ಲಾಟ್ ಬಿಡುವ ಅನುಕೂಲವಿಲ್ಲ.

ಯಾವ ಸಾಫ್ಟ್‌ವೇರ್? ಹಣ ಕೊಡಬೇಕೇ?

ಬೇಕಿಲ್ಲ. ಯಾವ ರಾತ್ರಿ ಏನು ಎಲ್ಲಿರುತ್ತದೆ ಎಂದು ತಿಳಿಯಲು ಸ್ಟೆಲ್ಲೇರಿಯಂ, ಸ್ಟ್ಯಾಕಿಂಗಿಗೆ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್, ನೆಲವೂ ಆಕಾಶವೂ ಇರುವ ಚಿತ್ರಕ್ಕೆ ಸೀಕ್ವೇಟರ್, ಕೊನೆಯ ತಿದ್ದುವಿಕೆಗೆ ಗಿಂಪ್. ಎಲ್ಲವೂ ಉಚಿತ. ಸಿರಿಲ್ ಒಂದನ್ನೇ ಚೆನ್ನಾಗಿ ಕಲಿತರೆ ಹಲವು ವರ್ಷಗಳಿಗೆ ಸಾಕಾಗುತ್ತದೆ.

ಟ್ರ್ಯಾಕರ್ ಯಾವಾಗ ಕೊಳ್ಳಬೇಕು? ಧ್ರುವ ನಕ್ಷತ್ರ ಕಾಣುವುದೇ ಇಲ್ಲವಲ್ಲ?

ಭೂಮಿಯ ತಿರುಗುವಿಕೆಗೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಚಿಕ್ಕ ಯಂತ್ರವೇ ಟ್ರ್ಯಾಕರ್. ಅದಿದ್ದರೆ ನಾಲ್ಕು ಸೆಕೆಂಡಿನ ಬದಲು ಒಂದೆರಡು ನಿಮಿಷದ ಚಿತ್ರ ತೆಗೆಯಬಹುದು. ಸ್ಥಿರ ಟ್ರೈಪಾಡಿನ ಮೇಲೆ ಒಂದು ಚಳಿಗಾಲ ಪೂರ್ತಿ ಕೆಲಸ ಮಾಡಿದ ಮೇಲೆ ಕೊಳ್ಳಿ.

ಅದರ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ ನೇರವಾಗಿರಬೇಕು, ಮತ್ತು ಆ ಧ್ರುವದ ಎತ್ತರ ನಮ್ಮ ಅಕ್ಷಾಂಶದಷ್ಟೇ, ಅಂದರೆ ಚಿತ್ರದುರ್ಗದಲ್ಲಿ ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿಗೂ ಕಡಿಮೆ ಎತ್ತರದಲ್ಲಿ, ಧೂಳು ಮಬ್ಬಿನ ಪದರದಲ್ಲಿ ಧ್ರುವ ನಕ್ಷತ್ರ ಮಂಕಾಗಿ ನಿಂತಿರುತ್ತದೆ. ಉತ್ತರಕ್ಕೆ ಒಂದು ಗುಡ್ಡವೋ ತೆಂಗಿನ ಸಾಲೋ ಇದ್ದರೆ ಮುಗಿಯಿತು. ಆದ್ದರಿಂದ ಟ್ರ್ಯಾಕರ್ ಬಳಸುವ ಜಾಗದಲ್ಲಿ ಉತ್ತರದ ದಿಗಂತ ತೆರೆದಿರಬೇಕು. ಕೊಳ್ಳುವ ಮುನ್ನ ಇನ್ನೊಂದನ್ನು ಪರೀಕ್ಷಿಸಿ: ಕೆಲವು ಯಂತ್ರಗಳು ಹೆಚ್ಚಿನ ಅಕ್ಷಾಂಶದ ದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವಾಗಿದ್ದು, ಅವನ್ನು 14 ಡಿಗ್ರಿಯವರೆಗೆ ಬಗ್ಗಿಸಿದಾಗ ತೂಕದ ಕೋಲು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ದಿಕ್ಕು ಹುಡುಕಲು ಮೊಬೈಲಿನ ದಿಕ್ಸೂಚಿ ಆರಂಭಕ್ಕೆ ಸಾಕು, ನಮ್ಮಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ.

ಮೊದಲ ವರ್ಷ ಏನನ್ನು ಚಿತ್ರಿಸಬೇಕು?

ಚಳಿಗಾಲದಲ್ಲಿ ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆ, ಎಂ 42. ಸುಮಾರು 1,300 ಜ್ಯೋತಿರ್ವರ್ಷ ದೂರದ, ನಕ್ಷತ್ರಗಳು ಹುಟ್ಟುತ್ತಿರುವ ಈ ಮೋಡ 50 ಮಿ.ಮೀ. ಲೆನ್ಸಿಗೂ ಗುಲಾಬಿ ಬಣ್ಣದಲ್ಲಿ ಸಿಗುತ್ತದೆ. ಅದರ ಜೊತೆಗೆ ಕೃತ್ತಿಕೆ. ನವೆಂಬರ್‌ನಲ್ಲಿ ಸಂಜೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ದೇವಯಾನಿ (ಆಂಡ್ರೊಮಿಡಾ) ಗ್ಯಾಲಕ್ಸಿ. ನಿಮ್ಮ ಸೆನ್ಸರಿಗೆ ತಾಗುವ ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ಉಲ್ಕೆಗಳು. ಅಂದು ಚಂದ್ರನಿಲ್ಲದಿದ್ದರೆ ಕ್ಯಾಮೆರಾವನ್ನು ಒಂದು ಕಡೆ ತಿರುಗಿಸಿ ರಾತ್ರಿಯಿಡೀ ಬಿಡಿ.

ಏಪ್ರಿಲ್, ಮೇ ತಿಂಗಳುಗಳಲ್ಲಿ ದಕ್ಷಿಣಕ್ಕೆ ತಿರುಗಿ. ತ್ರಿಶಂಕು (ಸದರ್ನ್ ಕ್ರಾಸ್ ನಕ್ಷತ್ರಪುಂಜ) ನಮ್ಮ ದಿಗಂತದಿಂದ ಸುಮಾರು 15 ಡಿಗ್ರಿ, ಲಕ್ಷಗಟ್ಟಲೆ ನಕ್ಷತ್ರಗಳ ಗುಚ್ಛವಾದ ಒಮೆಗಾ ಸೆಂಟಾರಿ ಸುಮಾರು 28 ಡಿಗ್ರಿ ಎತ್ತರಕ್ಕೆ ಬರುತ್ತವೆ. ಉತ್ತರ ಯುರೋಪಿನವರಿಗೆ ಇವೆರಡೂ ದಿಗಂತದ ಮೇಲೆ ಬರುವುದೇ ಇಲ್ಲ. ಧ್ರುವ ಕೆಳಗಿರುವುದಕ್ಕೆ ಬೇಸರಪಡುವವರು ಅದೇ ಕಾರಣಕ್ಕೆ ನಮಗೆ ಸಿಕ್ಕಿರುವ ದಕ್ಷಿಣದ ಈ ಆಕಾಶವನ್ನೂ ನೋಡಬೇಕು.

ಚಂದ್ರ ಮತ್ತು ಗ್ರಹಗಳಿಗೆ?

ಇವಕ್ಕೆ ಕತ್ತಲು ಬೇಕಿಲ್ಲ, ದಾವಣಗೆರೆ ನಗರದ ನಡುವಿನ ಮಾಳಿಗೆಯೇ ಆಗುತ್ತದೆ. ಹುಣ್ಣಿಮೆಯ ಚಂದ್ರ ಚಪ್ಪಟೆಯಾಗಿ ಕಾಣುವುದರಿಂದ ಶುಕ್ಲ ಸಪ್ತಮಿ, ಅಷ್ಟಮಿಗಳಲ್ಲಿ ಬೆಳಕು ಕತ್ತಲೆಯ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾದಾಗ ತೆಗೆಯಬೇಕು. ಐಎಸ್‌ಒ 100, ಎಫ್/8, ಸೆಕೆಂಡಿನ 60ನೆಯ ಒಂದು ಭಾಗದಿಂದ ಆರಂಭಿಸಿ. ಗ್ರಹಗಳಿಗೆ ಟೆಲಿಸ್ಕೋಪ್ ಬೇಕು, ಮತ್ತು ಚಿತ್ರದ ಬದಲು ವೀಡಿಯೊ ತೆಗೆದು ಗಾಳಿ ಅಲುಗದ ಕ್ಷಣಗಳ ಚಿತ್ರಗಳನ್ನಷ್ಟೇ ಆರಿಸಿ ಜೋಡಿಸಬೇಕು. ಆರಿಸಿ ಜೋಡಿಸುವ ಕೆಲಸವನ್ನು ಆಟೋಸ್ಟ್ಯಾಕರ್ಟ್ ಉಚಿತವಾಗಿ ಮಾಡುತ್ತದೆ. ಗುರು ಹತ್ತು ಗಂಟೆಗೂ ಕಡಿಮೆ ಸಮಯದಲ್ಲಿ ಒಂದು ಸುತ್ತು ತಿರುಗುವುದರಿಂದ ವೀಡಿಯೊ ಎರಡು ಮೂರು ನಿಮಿಷ ಮೀರಬಾರದು. ಗುರುವಿನ ನಾಲ್ಕು ದೊಡ್ಡ ಚಂದ್ರರು ಮಾತ್ರ 200 ಮಿ.ಮೀ. ಲೆನ್ಸಿಗೂ ಸಿಗುತ್ತಾರೆ.

ಗ್ರಹಣದ ಚಿತ್ರ ತೆಗೆಯಬಹುದೇ?

ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಬಹುದು, ಚಿತ್ರಿಸಬಹುದು. 2028ರ ಡಿಸೆಂಬರ್ 31ರ ರಾತ್ರಿ ಹತ್ತರ ಸುಮಾರಿಗೆ ನಮ್ಮಲ್ಲಿ ಪೂರ್ಣ ಚಂದ್ರಗ್ರಹಣ ಕಾಣುತ್ತದೆ, ಅದೂ ಮೋಡವಿಲ್ಲದ ಕಾಲದಲ್ಲಿ. ಈಗ ಕಲಿಯಲು ಆರಂಭಿಸಿದವರಿಗೆ ಅದು ಒಳ್ಳೆಯ ಗುರಿ.

ಸೂರ್ಯನ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಲೆನ್ಸಿನ ಅಥವಾ ಟೆಲಿಸ್ಕೋಪಿನ ಮುಂಭಾಗಕ್ಕೆ ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಬಿಗಿಯದೆ ಒಂದು ಕ್ಷಣವೂ ಸೂರ್ಯನತ್ತ ತಿರುಗಿಸಬಾರದು. ಎಕ್ಸ್-ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಿ.ಡಿ. ಯಾವುದೂ ಕಣ್ಣನ್ನು ಕಾಯುವುದಿಲ್ಲ. ಸಗಣಿ ನೀರಿನ ಬೋಗುಣಿಯಲ್ಲಿ ಪ್ರತಿಬಿಂಬ ನೋಡುವ ಹಳೆಯ ರೂಢಿಯೂ ಸುರಕ್ಷಿತವಲ್ಲ. ಕಣ್ಣಿನ ಅಕ್ಷಿಪಟಲ ಸುಡುವಾಗ ನೋವಾಗುವುದಿಲ್ಲ, ತಿಳಿಯುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಫಿಲ್ಟರ್ ಇಲ್ಲದವರು ರಟ್ಟಿನಲ್ಲಿ ಸೂಜಿಯ ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ನೆಲಕ್ಕೋ ಗೋಡೆಗೋ ಬೀಳುವ ಬಿಂಬವನ್ನು ಚಿತ್ರಿಸಬಹುದು.

ಚಿತ್ರದಲ್ಲಿ ಕಾಣುವ ಬಣ್ಣಗಳು ನಿಜವೇ?

ನಿಜ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲವಾದ್ದರಿಂದ ನೀಹಾರಿಕೆಗಳು ಬೂದಿಯಂತೆ ಕಾಣುತ್ತವೆ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಸಿ ಬಣ್ಣ ತೋರಿಸುತ್ತದೆ. ನೀಹಾರಿಕೆಗಳ ಕಡುಗೆಂಪು ಎಂದರೆ ಜಲಜನಕ 656 ನ್ಯಾನೋಮೀಟರ್ ತರಂಗಾಂತರದಲ್ಲಿ ಸೂಸುವ ಬೆಳಕು. ಸಾಮಾನ್ಯ ಕ್ಯಾಮೆರಾಗಳ ಒಳಗಿನ ಫಿಲ್ಟರ್ ಅದರ ಬಹುಭಾಗವನ್ನು ತಡೆಯುವುದರಿಂದ ನಮ್ಮ ಚಿತ್ರಗಳಲ್ಲಿ ಅದು ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಆದರೆ ಬೇರೆ ಊರಿನ ಆಕಾಶವನ್ನು ತಂದು ನಮ್ಮ ಗುಡ್ಡದ ಮೇಲೆ ಅಂಟಿಸಿ ಒಂದೇ ಚಿತ್ರವೆಂದು ಹೇಳುವುದು ಬೇರೆ ಮಾತು. ನೆಲವನ್ನೂ ಆಕಾಶವನ್ನೂ ಬೇರೆ ಬೇರೆ ತೆಗೆದು ಜೋಡಿಸಿದ್ದರೆ ಹಾಗೆಂದು ಚಿತ್ರದ ಕೆಳಗೆ ಬರೆಯಬೇಕು. ನೋಡುವವರು ಆ ಆಕಾಶವನ್ನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ.

ಸ್ಮಾರ್ಟ್ ಟೆಲಿಸ್ಕೋಪ್ ಕೊಂಡರೆ ಇದೆಲ್ಲ ತಪ್ಪುತ್ತದಲ್ಲ?

ಸೀಸ್ಟಾರ್ ಎಸ್50ರಂಥ, 50 ಮಿ.ಮೀ. ಅಗಲದ ಲೆನ್ಸಿರುವ ಪೆಟ್ಟಿಗೆಗಳು ವಸ್ತುವನ್ನು ತಾವೇ ಹುಡುಕಿ, ಫೋಕಸ್ ಮಾಡಿ, ಸ್ಟ್ಯಾಕ್ ಮಾಡಿ ಮೊಬೈಲಿಗೆ ಚಿತ್ರ ಕಳಿಸುತ್ತವೆ. ಶಾಲೆಯ ಮಕ್ಕಳಿಗೆ ತೋರಿಸಲು, ವಯಸ್ಸಾದವರಿಗೆ, ಊರೊಳಗಿನ ಮಾಳಿಗೆಯಿಂದಲೇ ಏನಾದರೂ ಕಾಣಬೇಕೆನ್ನುವವರಿಗೆ ಅವು ನಿಜಕ್ಕೂ ಉಪಯುಕ್ತ. ಅಗಲವಾದ ಆಕಾಶಗಂಗೆ ಮಾತ್ರ ಅವುಗಳ ಚಿಕ್ಕ ಚೌಕಟ್ಟಿಗೆ ಹಿಡಿಸುವುದಿಲ್ಲ.

ಮಧ್ಯರಾತ್ರಿಯ ಮೇಲೆ ಚಿತ್ರಗಳು ಮಂಜಾಗುತ್ತವೆ, ಏನು ಮಾಡಬೇಕು?

ಅದು ಇಬ್ಬನಿ. ಚಳ್ಳಕೆರೆಯ ಒಣ ಬಯಲಿನಲ್ಲಿ ಕಡಿಮೆ. ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆಯ ಗದ್ದೆಗಳಲ್ಲಿ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ದಂಡೆಯಲ್ಲಿ, ಹಿರಿಯೂರಿನ ವಾಣಿವಿಲಾಸ ಸಾಗರದ ಸುತ್ತ ಹೆಚ್ಚು. ಪವರ್ ಬ್ಯಾಂಕಿನಿಂದ ನಡೆಯುವ, ಲೆನ್ಸಿಗೆ ಸುತ್ತುವ ಬಿಸಿ ಪಟ್ಟಿ ಸಿಗುತ್ತದೆ. ಅದನ್ನು ಲೆನ್ಸ್ ಮಂಜಾಗುವ ಮೊದಲೇ ಸುತ್ತಿ ಹಚ್ಚಬೇಕು. ಮಂಜಾದ ಗಾಜನ್ನು ಟವೆಲ್ಲಿನಿಂದ ಒರೆಸಿದರೆ ಧೂಳು ಗೀರು ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಕ್ಯಾಮೆರಾವನ್ನು ಹೊರಗೇ ಚೀಲದೊಳಗಿಟ್ಟು ಜಿಪ್ ಎಳೆದು ಮನೆಗೆ ತನ್ನಿ, ಬೆಳಗಾದ ಮೇಲೆ ತೆರೆಯಿರಿ. ತಣ್ಣಗಾದ ಲೆನ್ಸನ್ನು ಬೆಚ್ಚಗಿನ ಕೋಣೆಯಲ್ಲಿ ತಕ್ಷಣ ಹೊರತೆಗೆದರೆ ಒಳಗೂ ಹೊರಗೂ ನೀರು ಕೂರುತ್ತದೆ. ಮೆಮೊರಿ ಕಾರ್ಡನ್ನು ಮಾತ್ರ ಹೊಲದಲ್ಲೇ ತೆಗೆದು ಜೇಬಿಗೆ ಹಾಕಿಕೊಂಡರೆ, ಮನೆಗೆ ಬಂದವರು ಚಿತ್ರ ನೋಡಲು ಬೆಳಗಿನವರೆಗೆ ಕಾಯಬೇಕಾಗುವುದಿಲ್ಲ.